ಊರು ವಿಚಾರಿಸಲು ಹೋಗಿ

ನಮ್ಮ ಬೀದಿಯಲ್ಲಿ ಈಗ ಯಾರಾದರೂ ಪ್ರವಾಸ ಹೋಗಿ ಬಂದರು ಎಂದರೆ ಅದು ದುಬೈ ಆಗಿರಬೇಕು, ಇಲ್ಲವೇ ಸಿಂಗಪುರ. ಎದುರು ಮನೆಯವರು ಥಾಯ್ಲೆಂಡಿಗೆ ಹೋಗಿ ಬಂದು ಆನೆಯ ಚಿತ್ರವಿರುವ ಚೀಲಗಳನ್ನು ಬೀದಿಗೆಲ್ಲ ಹಂಚಿದರು. ನಾವು ಹೋಗಿದ್ದು ಉಮರ್ಗಾ, ನಿಲಂಗಾ, ಉದಗೀರಕ್ಕೆ. "ಅದೆಲ್ಲಿ ಬರುತ್ತೆ?" ಎಂದು ಹೊರಡುವ ಮುನ್ನ ಎದುರು ಮನೆಯಾಕೆ ಕೇಳಿದಳು. ಮಹಾರಾಷ್ಟ್ರ ಎಂದೆ. "ಓ, ಶಿರಡಿ ಕಡೆ" ಎಂದು ತಾನೇ ತೀರ್ಮಾನ ಮಾಡಿ, ಪ್ರಸಾದ ತರಲು ಹೇಳಿದಳು. ನಾನು ವಾದಕ್ಕೆ ಹೋಗಲಿಲ್ಲ.

ಹಾಗೆ ನೋಡಿದರೆ ನಮ್ಮದೂ ಪರದೇಶವೇ. ಕಲಬುರಗಿ ದಾಟಿ ಆಳಂದದ ದಾರಿ ಹಿಡಿದರೆ ಗಡಿ ಎಲ್ಲಿ ಬಂತು ಎಂಬುದೇ ತಿಳಿಯುವುದಿಲ್ಲ. ಅದೇ ಕಪ್ಪು ಮಣ್ಣು, ಅದೇ ತೊಗರಿ ಹೊಲ, ಅದೇ ಬೇವಿನ ಮರದ ಕೆಳಗೆ ಅದೇ ಥರದ ಹರಟೆ. ಅಂಗಡಿಯ ಬೋರ್ಡಿನ ಅಕ್ಷರ ಮಾತ್ರ ಇದ್ದಕ್ಕಿದ್ದಂತೆ ಬದಲಾಗುತ್ತದೆ. ಅಕ್ಷರ ಮರಾಠಿ, ಒಳಗೆ ಕುಳಿತವರ ಮಾತು ಕನ್ನಡ. ಇಂಥ ಪರದೇಶ ಥಾಯ್ಲೆಂಡಿನಲ್ಲಿ ಸಿಗಲಿಕ್ಕಿಲ್ಲ.

ಹೊರಡುವ ಮೊದಲೇ ನನ್ನ ಒಂದು ಚಾಳಿಯ ಬಗ್ಗೆ ಹೇಳಬೇಕು, ಏಕೆಂದರೆ ಎಲ್ಲ ರಾಮಾಯಣಕ್ಕೂ ಅದೇ ಕಾರಣ. ನಾನು ಯಾವ ಊರಿಗೆ ಹೋಗುವುದಾದರೂ ಅದರ ಹಿಂದಿನ ಊರಿನಲ್ಲಿ ನಿಂತು ವಿಚಾರಿಸುತ್ತೇನೆ. ನೀರು ಹೇಗೆ, ಜನ ಹೇಗೆ, ಊಟ ಎಲ್ಲಿ ಚೆನ್ನ, ನೋಡಲೇಬೇಕಾದದ್ದು ಏನು, ನೋಡದಿದ್ದರೂ ನಡೆಯುವುದು ಏನು. ಊರಿನವರು ತಮ್ಮೂರನ್ನು ಹೊಗಳುತ್ತಾರೆ, ಪಕ್ಕದ ಊರಿನವರು ನಿಜ ಹೇಳುತ್ತಾರೆ ಎಂಬುದು ನನ್ನ ನಂಬಿಕೆ. ನಮ್ಮವರು ಇದಕ್ಕೆ ತದ್ವಿರುದ್ಧ. ಅವರು ಫೋನಿನ ನಕ್ಷೆಯನ್ನು ಬಿಟ್ಟು ಬೇರೆ ಯಾರನ್ನೂ ಏನನ್ನೂ ಕೇಳುವವರಲ್ಲ. ಅದು ಕೆರೆಗೆ ಇಳಿಸಿದರೂ ಸರಿ, ದಾರಿಹೋಕನನ್ನು ಕೇಳಿ ಬದುಕುವುದು ಅವರಿಗೆ ಅವಮಾನ. ಅವರ ಅಕ್ಕ ಯಾವಾಗಲೋ ಉದಗೀರದ ಕೋಟೆಯ ಫೋಟೋ ಕಳಿಸಿದ್ದರು. ನೆಲದ ಮಟ್ಟಕ್ಕಿಂತ ಕೆಳಗೆ ಸಾಧುವೊಬ್ಬರ ಸಮಾಧಿ ಇದೆಯಂತೆ, ಅವರ ಹೆಸರೇ ಊರಿಗೆ ಬಂದದ್ದಂತೆ. ಅದನ್ನು ನೋಡಬೇಕೆಂದು ಇಬ್ಬರೂ ದೀಪಾವಳಿ ಕಳೆದ ಮೇಲೆ ದಾವಣಗೆರೆಯಿಂದ ಕಾರು ಹೊರಡಿಸಿದೆವು.

ಉಮರ್ಗಾ

ಆಳಂದದ ಆಚೆ ಒಂದು ರಸ್ತೆ ಉಬ್ಬನ್ನು ನಕ್ಷೆ ತೋರಿಸಲಿಲ್ಲ, ನಮ್ಮವರೂ ನೋಡಲಿಲ್ಲ. ಕಾರು ಹಾರಿ ಬಿದ್ದದ್ದೇ ತಡ, ಹಾರ್ನು ಹೊಡೆದುಕೊಳ್ಳಲು ಶುರುವಾಯಿತು. ಏನು ಮಾಡಿದರೂ ನಿಲ್ಲದು. ಉಮರ್ಗಾ ಪೇಟೆಯನ್ನು ನಾವು ಪ್ರವೇಶ ಮಾಡಿದ್ದು ಹಾಗೆ, ಮಂತ್ರಿಗಳ ಮೆರವಣಿಗೆಯಂತೆ ಕೂಗಿಸುತ್ತ. ಅಂಗಡಿಗಳಿಂದ ಜನ ಹೊರಬಂದು ನಿಂತರು. ಒಬ್ಬ ಮೆಕ್ಯಾನಿಕ್ ಓಡಿ ಬಂದು ಬಾನೆಟ್ ತೆಗೆದು ಒಂದು ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಸದ್ದು ನಿಂತಿತು. ಹೊಸ ಹಾರ್ನು ಬೇಕಾದರೆ ಲಾತೂರಿನಿಂದ ತರಿಸಬೇಕು ಎಂದ. ಬೇಡ, ಹಾರ್ನಿಲ್ಲದೆಯೇ ಹೋಗುತ್ತೇವೆ ಎಂದರು ನಮ್ಮವರು. ಅಷ್ಟರಲ್ಲಿ ಪೇಟೆಯ ಮಂದಿಯೆಲ್ಲ ನಮ್ಮ ಕಾರಿನ ನಂಬರು ಓದಿ, ಇದು ದಾವಣಗೆರೆಯ ಗಾಡಿ ಎಂದು ಒಬ್ಬರಿಗೊಬ್ಬರು ಹೇಳಿಯಾಗಿತ್ತು.

ಎದುರಿಗೇ ಒಂದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಹಣೆ ತುಂಬ ವಿಭೂತಿ ಧರಿಸಿದ ಯಜಮಾನರು. ಹೆಸರು ಸಿದ್ರಾಮಪ್ಪ ಎಂದು ಆಮೇಲೆ ತಿಳಿಯಿತು. ಅವರು ಕೂರಲು ಸ್ಟೂಲು ಹಾಕಿಸಿ, ಚಹಾ ತರಿಸಿದರು. ಕನ್ನಡ ಕೇಳಿ ನನಗೆ ಹುರುಪು ಬಂತು. ಶುರು ಹಚ್ಚಿಕೊಂಡೆ.

"ಉದಗೀರ ಹೇಗಿದೆ? ಒಳ್ಳೆಯ ಊರಾ?"

ಸಿದ್ರಾಮಪ್ಪ ತಕ್ಕಡಿಯನ್ನು ಕೆಳಗಿಟ್ಟರು. "ಯಾವೂರಿಂದ ಬಂದೀರಿ ಅಕ್ಕೋರ?"

"ದಾವಣಗೆರೆ."

"ಉದಗೀರಕ್ಕ ಏನ್ ಕೆಲಸ ಅದರಿ?"

"ಕೆಲಸ ಏನಿಲ್ಲ. ಸುಮ್ಮನೆ ನೋಡಿಕೊಂಡು ಹೋಗೋಣ ಅಂತ."

ಅವರ ಮುಖದಲ್ಲಿ ನಗು ಮೆಲ್ಲಗೆ ಹರಡಿತು. "ಹೌದ್ ಹೌದು. ಸುಮ್ಮ ನೋಡ್ಲಾಕ. ತಿಳೀತ್ರಿ. ನಾ ಏನ್ ಕೇಳಂಗಿಲ್ಲ, ನೀವೇನ್ ಹೇಳಬ್ಯಾಡ್ರಿ." ಒಳಗೆ ಕೂಗಿ ಇನ್ನೊಂದು ಚಹಾ ಹೇಳಿದರು, ಈ ಸಲ ಅವಲಕ್ಕಿ ಚೂಡಾ ಸಮೇತ. "ಉದಗೀರ ಏಕದಮ್ ಚೊಲೊ ಊರ್ರೀ. ನೀರ್ ಚೊಲೊ, ಮಂದಿ ಚೊಲೊ. ಕಪಡಾ ಬಜಾರದಾಗ ವೀರಭದ್ರಪ್ಪನ ದುಕಾನ ಅದ. ಅಜ್ಜನ ಕಾಲದಿಂದ ನಡದದ. ಒಬ್ಬರ ಜೋಡಿ ಜಗಳಿಲ್ಲ, ತಂಟಿಲ್ಲ. ಮನ್ಯಾಗ ಯಾರೂ ಎಲಿ ಅಡಕಿ ಸೈತ ತಿನ್ನಂಗಿಲ್ಲ."

ಈ ಮನುಷ್ಯ ಒಬ್ಬ ಬಟ್ಟೆ ವ್ಯಾಪಾರಿಯನ್ನು ಯಾಕೆ ಇಷ್ಟು ಹೊಗಳುತ್ತಿದ್ದಾನೆ ಎಂದು ನನಗೆ ಅರ್ಥವಾಗಲಿಲ್ಲ. ಸೀರೆ ಮಾರಿಸಿದರೆ ಕಮಿಷನ್ ಇರಬಹುದು ಎಂದುಕೊಂಡೆ. "ಕೋಟೆ ಎಷ್ಟು ಹೊತ್ತಿಗೆ ತೆಗೀತಾರೆ?" ಎಂದು ಕೇಳಿದೆ.

"ಕಿಲ್ಲಾ ಎಲ್ಲಿ ಹೋಗ್ತದ್ರೀ, ಅಲ್ಲೇ ಇರ್ತದ. ಮೊದ್ಲ ಅವರ ಮನಿಗಿ ಹೋಗ್ರಿ."

ಇಲ್ಲಿ ಸ್ವಲ್ಪ ನಿಲ್ಲಿಸಿ, ನಮಗೆ ಮರುದಿನ ತಿಳಿದ ಸಂಗತಿಯನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಾವು ಪಟ್ಟ ಪಾಡನ್ನು ನೀವೂ ಪಡುವುದು ಬೇಡ. ಉದಗೀರದ ವೀರಭದ್ರಪ್ಪನವರಿಗೆ ಶೈಲಾ ಎಂಬ ಮಗಳು. ಅಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಕಲಬುರಗಿಯ ಒಂದು ಮದುವೆಯಲ್ಲಿ ದಾವಣಗೆರೆಯ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವರ ಮಗ ಕಿರಣನನ್ನು ನೋಡಿದಳು, ಅವನೂ ಇವಳನ್ನು ನೋಡಿದ, ಇಬ್ಬರಿಗೂ ಒಪ್ಪಿಗೆಯಾಯಿತು. ದೊಡ್ಡವರ ಮಾತುಕತೆ ಇನ್ನೂ ಆಗಬೇಕಿತ್ತು. ಈ ಭಾಗದಲ್ಲಿ ಮಾತುಕತೆಗೆ ಮೊದಲು ಮನೆತನ ವಿಚಾರಿಸುವ ರೂಢಿ. ಗಂಡಿನ ಕಡೆಯವರು ದೂರದ ನೆಂಟರಲ್ಲಿ ಯಾರನ್ನಾದರೂ ಕಳಿಸುತ್ತಾರೆ. ಬಂದವರು ತಾವು ಯಾರು, ಯಾಕೆ ಬಂದೆವು ಎಂದು ಬಾಯಿ ಬಿಡುವುದಿಲ್ಲ. ಹಿಂದಿನ ಊರಿನಲ್ಲೇ ಇಳಿದು, ಯಾವುದೋ ಅಂಗಡಿಯಲ್ಲಿ ಕುಳಿತು, ಮುಂದಿನ ಊರಿನ ನೀರು, ಜನ, ವ್ಯಾಪಾರ ಎಲ್ಲ ಕೇಳುತ್ತಾರೆ. ಯಾಕೆ ಎಂದರೆ, ಸುಮ್ಮನೆ ಎನ್ನುತ್ತಾರೆ. ಎಷ್ಟು ಸುಮ್ಮನೆ ಎನ್ನುತ್ತಾರೋ ಅಷ್ಟು ಖಾತ್ರಿ. ಇನ್ನು ಉಮರ್ಗಾ ಪೇಟೆಯಲ್ಲಿ ಯಾವ ಅಂಗಡಿಗೆ ಹೋಗಿದ್ದರೂ ನನಗೆ ಇದೇ ಗತಿ, ಏಕೆಂದರೆ ಎಲ್ಲರೂ ಒಂದಲ್ಲ ಒಂದು ಕಡೆಯಿಂದ ವೀರಭದ್ರಪ್ಪನವರ ನೆಂಟರೇ.

ನಾನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದ್ದೆ. ಅಲ್ಲಿ ಅದು ಬೀಗತನದ ಮೊದಲ ಹೆಜ್ಜೆ ಎಂದು ನನಗೇನು ಕನಸು ಬಿದ್ದಿತ್ತೇ?

ಹೊರಡುವಾಗ ಸಿದ್ರಾಮಪ್ಪ ನಿಲಂಗಾದಲ್ಲಿರುವ ತಮ್ಮ ಅಕ್ಕನ ಖಾನಾವಳಿಯ ಗುರುತು ಹೇಳಿದರು. ದಾರಿಗೆಂದು ಕಟ್ಟಿಸಿಕೊಟ್ಟ ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಮೆಣಸಿನಕಾಯಿಯ ಠೇಚಾ ಇದ್ದವು. ಅಪರಿಚಿತರಿಗೆ ಇಷ್ಟು ಆದರ ಎಲ್ಲುಂಟು ಎಂದು ನಾನು ದಾರಿಯುದ್ದಕ್ಕೂ ಬಣ್ಣಿಸಿದೆ. ನಮ್ಮವರು ಕೈಗೆ ಬಂದ ಠೇಚಾವನ್ನು ಚಟ್ನಿಯೆಂದು ತಿಳಿದು ಧಾರಾಳವಾಗಿ ತಿಂದರು.

ಗುಂಜೋಟಿಯ ಆಚೆ

ಗುಂಜೋಟಿ ದಾಟಿದ ಮೇಲೆ ರಸ್ತೆಯ ತುಂಬ ಕುರಿ. ಸೋಯಾಬೀನು ಕಟಾವಾದ ಹೊಲದಿಂದ ಒಂದು ಹಿಂಡು ಹತ್ತಿ, ರಸ್ತೆಯನ್ನೇ ತನ್ನ ಹಟ್ಟಿ ಮಾಡಿಕೊಂಡು ನಿಂತಿತ್ತು. ಹಾರ್ನಿಲ್ಲ. ನಮ್ಮವರು ಕಿಟಕಿಯಿಂದ ತಲೆ ಹೊರಹಾಕಿ ಬಾಯಲ್ಲೇ ಹಾರ್ನು ಮಾಡಿ ನೋಡಿದರು. ಒಂದು ಟಗರು ಅವರನ್ನು ದಿಟ್ಟಿಸಿ ನೋಡಿ, ಮತ್ತೆ ತನ್ನ ಕೆಲಸಕ್ಕೆ ತೊಡಗಿತು.

ಹಿಂದಿನಿಂದ ಕಂಬಳಿ ಹೊದ್ದ ಕುರುಬಜ್ಜ ಬಂದ. ಹಣೆಗೆ ಬೀರಪ್ಪನ ಭಂಡಾರ, ಅಂದರೆ ಅರಿಶಿನ, ಮೆತ್ತಿತ್ತು. ನಾನು ಕೆಳಗಿಳಿದು ಕೇಳಿದೆ, "ಅಜ್ಜಾ, ಉದಗೀರ ಹೇಗಿದೆ? ಹೋಗಬಹುದಾ?"

"ಉದಗೀರಾ?" ಅಜ್ಜ ಕೋಲಿಗೆ ಗದ್ದ ಊರಿದ. "ಅಲ್ಲೇನದ ತಾಯಿ? ಏನೂ ಇಲ್ಲ. ನಾ ಹ್ವಾದ ವರ್ಷ ಹೋಗಿ ತಿರುಗಿ ಬಂದೀನಿ. ಎಲ್ಲಾ ಕಡಿ ಮನಿ ಕಟ್ಯಾರ. ನಿಲಂಗಾದ ಕಡಿ ಚೊಲೊ ಅದ ನೋಡ್ರಿ. ಮೇವದ, ನೀರದ. ಎರಡ ದಿನ ಅಲ್ಲೇ ಇರ್ರಿ."

ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಮೆಕ್ಯಾನಿಕ್ಕನನ್ನು ಕೇಳಿದರೆ ಉದಗೀರದ ರಸ್ತೆ ಹೇಳುತ್ತಿದ್ದ, ಈತ ಮೇವು ಹೇಳಿದ ಎಂದು ನನಗೆ ಹೊಳೆದದ್ದು ಮರುದಿನ. ಅಜ್ಜ ಸೊಂಟದ ಚೀಲದಿಂದ ಭಂಡಾರ ತೆಗೆದು ಕಾರಿನ ಮೂತಿಗೆ ಹಚ್ಚಿ, "ಬೀರಪ್ಪ ಕಾಯ್ತಾನ, ಹೋಗ್ರಿ" ಎಂದು ನಾಲಿಗೆಯಿಂದ ಒಂದು ಸದ್ದು ಮಾಡಿದ. ಕುರಿಗಳೆಲ್ಲ ಒಂದೇ ಬದಿಗೆ ಸರಿದವು. ನಮ್ಮವರು ಆ ಸದ್ದನ್ನು ಕಲಿಯಲು ನಿಲಂಗಾದವರೆಗೂ ಪ್ರಯತ್ನಪಟ್ಟರು.

ನಿಲಂಗಾ

ನಿಲಂಗಾದ ನೀಲಕಂಠೇಶ್ವರ ಗುಡಿಯ ಗೋಡೆಯಲ್ಲಿ ಕರಿಕಲ್ಲಿನ ಹೆಂಗಸರು ನಿಂತಿದ್ದಾರೆ. ನಮ್ಮ ಹಳೇಬೀಡಿನವರಷ್ಟು ಒಡವೆ ಹೇರಿಕೊಂಡಿಲ್ಲ, ಕೆಲಸಕ್ಕೆ ಹೊರಟವರಂತೆ ಇದ್ದಾರೆ. ಸುತ್ತ ಮನೆಗಳು, ಒಗೆದ ಬಟ್ಟೆ, ಗುಡಿಯ ಕಟ್ಟೆಯಲ್ಲಿ ಶೇಂಗಾ ಬಿಡಿಸುತ್ತ ಕುಳಿತ ಮುದುಕಿಯರು. ಗುಡಿಯನ್ನು ಯಾರೂ ಪ್ರದರ್ಶನಕ್ಕೆ ಇಟ್ಟಿಲ್ಲ, ಬಳಸುತ್ತಿದ್ದಾರೆ. ನನಗೆ ಅದು ತುಂಬ ಹಿಡಿಸಿತು. ನಮ್ಮವರು ಅರ್ಧ ಸುತ್ತು ಹಾಕುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡರು. ಠೇಚಾ ತನ್ನ ಕೆಲಸ ಶುರು ಮಾಡಿತ್ತು.

ಸಿದ್ರಾಮಪ್ಪನವರ ಅಕ್ಕ ಕಾಶೀಬಾಯಿಯವರ ಖಾನಾವಳಿ ಬಸ್ ನಿಲ್ದಾಣದ ಹತ್ತಿರವೇ. ಮೇಲೆ ಉಳಿಯಲು ಕೋಣೆಗಳಿದ್ದವು. ನಾವು ಬರುವುದನ್ನು ಆಕೆ ಕಾಯುತ್ತ ನಿಂತಿದ್ದರು. ನಮ್ಮವರು, ಹೇಗೂ ಅಜ್ಜ ಅಲ್ಲೇನೂ ಇಲ್ಲ ಎಂದನಲ್ಲ, ಈ ಹೊಟ್ಟೆ ಹೊತ್ತು ಉದಗೀರ ಬೇಡ ಎಂದು ಮಜ್ಜಿಗೆ ಕುಡಿದು ಮಲಗಿಬಿಟ್ಟರು. ನಾನೊಬ್ಬಳೇ ಕೆಳಗಿಳಿದು, ಊರಿನ ಹೆಸರಿನಲ್ಲೇ ಹೆಸರಾದ ನಿಲಂಗಾ ರೈಸ್ ತಿಂದೆ. ಹಳದಿ ಅನ್ನ, ಮೇಲೆ ಶೇಂಗಾ, ಪಕ್ಕದಲ್ಲಿ ಖಾರ. ಸಂತೋಷದಿಂದ ತಿನ್ನುತ್ತ ಹೇಳಿದೆ, "ಉದಗೀರ ಬೇಡ ಅಂತ ಮಾಡಿದೀವಿ ಕಾಶೀಬಾಯಿಯವರೇ. ಬೆಳಿಗ್ಗೆ ಇಲ್ಲಿಂದಲೇ ವಾಪಸ್ಸು."

ಕಾಶೀಬಾಯಿಯ ಸೌಟು ಅಲ್ಲೇ ನಿಂತಿತು. "ಯಾಕ್ರಿ ವೈನಿ? ಯಾರರ ಏನರ ಅಂದ್ರೇನು?"

"ದಾರಿಯಲ್ಲಿ ಒಬ್ಬರು ಹೇಳಿದರು, ಅಲ್ಲೇನೂ ಇಲ್ಲ ಅಂತ."

"ಯಾರು?"

"ಯಾರೋ ಪಾಪ, ಪರಿಚಯ ಇಲ್ಲ."

ಆಕೆ ಇನ್ನೊಂದು ಸೌಟು ಅನ್ನ ಬಡಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಫೋನು ಹಿಡಿದು ಹಿತ್ತಿಲಿಗೆ ಹೋದರು. ಹಿತ್ತಿಲಿನಿಂದ ಮರಾಠಿಯೂ ಕನ್ನಡವೂ ಕಲಸಿದ ಮಾತು ಬಹಳ ಹೊತ್ತು ಕೇಳುತ್ತಿತ್ತು. ಪಾಪ, ಯಾರಿಗೋ ಮೈ ಸರಿಯಿಲ್ಲವೇನೋ ಎಂದುಕೊಂಡು ನಾನು ಹೋಗಿ ಮಲಗಿದೆ.

ಮರುದಿನ ಬೆಳಿಗ್ಗೆ ನಮ್ಮವರು ಚೇತರಿಸಿಕೊಂಡಿದ್ದರು. ಇಬ್ಬರೂ ಸುಶೀಲಾ ತಿನ್ನುತ್ತ ಕುಳಿತಿದ್ದೆವು. ಸುಶೀಲಾ ಎಂದರೆ ಬೇರೇನಲ್ಲ, ನಮ್ಮೂರಿನ ಮಂಡಕ್ಕಿ ಒಗ್ಗರಣೆಯ ತಂಗಿ. ಇಷ್ಟು ದೂರ ಬಂದು ಮಂಡಕ್ಕಿ ತಿನ್ನುತ್ತಿದ್ದೇವಲ್ಲ ಎಂದು ನಗುತ್ತಿರುವಾಗ, ಮೋಟರ್ ಸೈಕಲ್ ಇಳಿದು ಒಬ್ಬರು ಬಂದರು. ಕೈಯಲ್ಲಿ ಪೇರಲ ಹಣ್ಣಿನ ಚೀಲ. ಮುಖ ಮಾತ್ರ ಸಾವಿನ ಮನೆಗೆ ಬಂದವರಂತಿತ್ತು.

"ನಮಸ್ಕಾರ್ರೀ. ನಾ ಬಸವರಾಜ. ಇಲ್ಲೇ ನಿಲಂಗಾದಾಗ ಬ್ಯಾರೆ ಕೆಲಸ ಇತ್ತು. ಸಹಜ ಭೇಟಿ ಆಗಿ ಹೋಗಣ ಅಂತ ಬಂದೆ."

ಯಾರೆಂದು ತಿಳಿಯದಿದ್ದರೂ ಕೂರಿಸಿದೆವು. ಅವರು ಪೇರಲ ಹಣ್ಣು ನಮ್ಮ ಮುಂದಿಟ್ಟು, ನೆಲ ನೋಡುತ್ತ, ನಾವು ಏನೂ ಕೇಳದೆಯೇ ಹೇಳತೊಡಗಿದರು.

"ಕನ್ನಡಕ ಅದರಿ, ಖರೇ. ಆದ್ರ ಬರೇ ಓದ್ಲಾಕ. ಬಾಜೂ ಮನಿಯವರ ಜೋಡಿ ಗ್ವಾಡಿ ತಂಟಿ ಇತ್ತು, ಅದೂ ಖರೇ. ಅದು ಮುಗದು ಹೋಗ್ಯದ. ಮತ್ತ ನಾನು, ನಾ ಹತ್ತನೇತ್ತಾ ಫೇಲ್ ಆಗೀನ್ರಿ. ಆದ್ರ ಅದು ನಂದ. ಅದರಾಗ ಹುಡುಗಿದೇನ್ ತಪ್ಪದ?"

ನಮ್ಮವರು ಸುಶೀಲಾದ ಚಮಚವನ್ನು ಬಾಯಿಯ ಹತ್ತಿರವೇ ಹಿಡಿದು ಕುಳಿತಿದ್ದರು. "ಯಾವ ಹುಡುಗಿ?" ಎಂದರು.

"ನಮ್ಮ ಅಣ್ಣನ ಮಗಳರಿ. ಶೈಲಾ." ಬಸವರಾಜ ಈಗ ತಲೆ ಎತ್ತಿದರು. "ಅಲ್ಲೇನೂ ಇಲ್ಲ ಅಂತ ದಾರ್ಯಾಗ ಯಾರೋ ಅಂದ್ರಂತಲ್ಲ. ಅಂವಾ ಯಾರು ಅಷ್ಟ ಹೇಳ್ರಿ. ನಮಗ ಗೊತ್ತಾಗಬೇಕು."

"ಕುರಿ ಕಾಯೋ ಅಜ್ಜ," ಎಂದೆ.

"ಕುರಿ ಕಾಯೋ ಅಜ್ಜಾ?" ಅವರು ಬಹಳ ಹೊತ್ತು ಯೋಚಿಸಿದರು. "ಅಂವಾ ಯಾರ ಕಡಿ ಮನಶಾ?"

ಆಗ ನಿಧಾನವಾಗಿ ಎಲ್ಲ ಬಿಚ್ಚಿಕೊಂಡಿತು. ಸಿದ್ರಾಮಪ್ಪ ಉಮರ್ಗಾದಿಂದ ಫೋನು ಮಾಡಿ, ದಾವಣಗೆರೆಯವರು ಬಂದಿದ್ದಾರೆ, ಹಾರ್ನು ಹೊಡೆಯುತ್ತಲೇ ಬಂದಿದ್ದಾರೆ ಎಂದು ಹೇಳಿದ್ದರು. ಉದಗೀರದ ಮನೆಗೆ ಸುಣ್ಣ ಬಳಿಯುವುದೊಂದು ಬಿಟ್ಟು ಎಲ್ಲ ಸಿದ್ಧತೆಯಾಗಿತ್ತು. ಸಂಜೆ ಕಾಶೀಬಾಯಿಯ ಫೋನು, ಅವರು ಬೇಡ ಎಂದು ತಿರುಗಿ ಹೊರಟರು ಎಂದು. ವೀರಭದ್ರಪ್ಪನವರಿಗೆ ಅದು ನೇರ ಎದೆಗೆ ಬಡಿದಿತ್ತು. ಮೊದಲೇ ಮಗಳನ್ನು ಅಷ್ಟು ದೂರ ಕೊಡಲು ಅವರಿಗೆ ಅಳುಕು. ಈಗ, ಹೊಸ್ತಿಲು ತುಳಿಯದೆ ತಿರುಗಿ ಹೋಗುವವರ ಮನೆಗೆ ಮಗಳನ್ನು ಕೊಡುವುದೇ ಇಲ್ಲ, ನಾನೇ ಫೋನು ಮಾಡಿ ಬೇಡ ಎನ್ನುತ್ತೇನೆ ಎಂದು ಕುಳಿತಿದ್ದರು.

"ಇನ್ನೂ ಮಾಡಿಲ್ಲ ತಾನೆ?" ಎಂದೆ.

"ಇವತ್ತ ಸೋಮಾರ್ರಿ. ಸೋಮಾರ ನಮ್ಮ ಮನ್ಯಾಗ ಬ್ಯಾಡ ಅನ್ನೋ ಮಾತು ಆಡಂಗಿಲ್ಲ. ನಾಳಿ ಮುಂಜಾನಿ ಮಾಡ್ತಾನ." ಬಸವರಾಜ ಕಣ್ಣು ಒರೆಸಿಕೊಂಡರು. "ಹುಡುಗಿ ನಿನ್ನಿ ಸಂಜಿಯಿಂದ ಉಂಡಿಲ್ರಿ."

ನಾವು ಬೀಗರ ಕಡೆಯವರಲ್ಲ, ಕೋಟೆ ನೋಡಲು ಬಂದವರು ಎಂದು ನಾನು ಆಣೆ ಮಾಡಿ ಹೇಳಿದೆ. ನಮ್ಮವರೂ ಹೇಳಿದರು, ಫೋನಿನಲ್ಲಿ ಕೋಟೆಯ ಫೋಟೋ ತೋರಿಸಿದರು. ಬಸವರಾಜ ಎಲ್ಲಕ್ಕೂ ತಾಳ್ಮೆಯಿಂದ ತಲೆಯಾಡಿಸಿ, "ಹೌದ್ರಿ, ಎಲ್ಲಾರೂ ಹಂಗೇ ಹೇಳ್ತಾರ" ಎಂದರು. ಇನ್ನು ಮಾತಿನಿಂದ ಪ್ರಯೋಜನವಿಲ್ಲ ಎಂದು ತಿಳಿದು ನಾನು ಎದ್ದು ಚೀಲ ಕಟ್ಟಿದೆ. ಯಾರೋ ಕಂಡರಿಯದ ಹುಡುಗಿಯ ಮದುವೆ ನನ್ನ ಬಾಯಿಯಿಂದ ಮುರಿದರೆ ನಾನು ಯಾವ ಮುಖ ಹೊತ್ತು ಊರಿಗೆ ಹೋಗಲಿ?

ದೇವಣಿ

ದೇವಣಿಯ ಹೆಸರಿನ ದನದ ತಳಿ ಪ್ರಸಿದ್ಧ ಎಂದು ಕೇಳಿದ್ದೆ. ರಸ್ತೆಯ ಬದಿಯಲ್ಲೇ ಒಂದು ಹೋರಿ ಕಟ್ಟಿತ್ತು. ಬಿಳಿ ಮೈಮೇಲೆ ಶಾಯಿ ಚೆಲ್ಲಿದಂಥ ಕಪ್ಪು ಮಚ್ಚೆ, ಜೋತು ಬಿದ್ದ ಕಿವಿ, ಬಹಳ ಓದಿದವರ ಗಾಂಭೀರ್ಯ. ನಮ್ಮವರು ಕಾರು ನಿಲ್ಲಿಸಿದರು. ಹೊರಡಿ ಎಂದೆ. ಒಂದು ಫೋಟೋ ಎಂದರು. ಮುಂದೆ ಮೋಟರ್ ಸೈಕಲ್ಲಿನಲ್ಲಿ ಹೋಗುತ್ತಿದ್ದ ಬಸವರಾಜ ತಿರುಗಿ ನೋಡಿ ಗಾಬರಿಯಾಗಿ ವಾಪಸ್ಸು ಬಂದರು. ನಾವು ಮತ್ತೆ ಮನಸ್ಸು ಬದಲಿಸಿದೆವು ಎಂದೇ ಅವರ ಭಯ. ಹೋರಿಯ ಯಜಮಾನ ಚಹಾ ಕುಡಿಯಲು ಕರೆದ. ನನಗೆ ಕೇಳಬೇಕಾದ ಪ್ರಶ್ನೆಗಳು ಎಷ್ಟೋ ಇದ್ದವು, ಅಷ್ಟನ್ನೂ ನುಂಗಿಕೊಂಡೆ. ಆ ದಾರಿಯಲ್ಲಿ ಇನ್ನು ಯಾರನ್ನೂ ಏನನ್ನೂ ಕೇಳಬಾರದು ಎಂದು ನಮ್ಮವರು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಉದಗೀರ

ಕಪಡಾ ಬಜಾರ ಕಿರಿದಾದ ಬೀದಿ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಗಾದಿಯ ಮೇಲೆ ವೀರಭದ್ರಪ್ಪನವರು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ನಮ್ಮನ್ನು ಕಂಡು ಎದ್ದು ನಿಂತು ಕೈಮುಗಿದರು. ನೀರು ಬಂತು, ಚಹಾ ಬಂತು, ಮಾತು ಮಾತ್ರ ಬರಲಿಲ್ಲ. ಸೋಮವಾರ ಕೆಟ್ಟ ಮಾತು ಆಡಬಾರದೆಂದು ಅವರು ಯಾವ ಮಾತನ್ನೂ ಆಡದೆ ಕುಳಿತಂತಿತ್ತು.

ನಾನು ಮೊದಲಿನಿಂದ ಎಲ್ಲ ಹೇಳಿದೆ. ಹಾರ್ನು, ಚಹಾ, ಕುರಿ, ಠೇಚಾ, ಹೊಟ್ಟೆನೋವು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಒಂದೇ ಮಾತು ಹೇಳಿದರು.

"ಹೇಳದಿದ್ರೂ ನಡೀತದ ಅಕ್ಕೋರ. ಮನಸಿಗಿ ಬರ್ಲಿಲ್ಲ ಅಂದ್ರ ಬರ್ಲಿಲ್ಲ. ಕುರಿಯವನ ಮ್ಯಾಲ ಯಾಕ ಹಾಕ್ತೀರಿ?"

ಹೆಂಗಸಿನ ದನಿಯೊಂದು ಮೆಟ್ಟಿಲಿನಿಂದ ಕೇಳಿತು. "ಅಪ್ಪಾಜಿ, ಒಂದ್ ಮಾತ ಕೇಳ್ಲೇನು ಇವರಿಗಿ?"

ಶೈಲಾ ಇಳಿದು ಬಂದು ಕಂಬಕ್ಕೆ ಒರಗಿ ನಿಂತಳು. ಕನ್ನಡಕವಿತ್ತು, ಓದಲಿಕ್ಕೆ ಮಾತ್ರ ಎಂದು ಬಸವರಾಜ ಹೇಳಿದ್ದು ಸುಳ್ಳು. ಅತ್ತು ಕಣ್ಣುಗಳು ಗಾಜಿನ ಹಿಂದೆ ಕೆಂಪಾಗಿದ್ದವು. "ಕಾಕೂ, ನೀವು ಸಿದ್ರಾಮಪ್ಪ ಮಾಮಾಗ ಏನೇನ್ ಕೇಳಿದ್ರಿ? ಬರೋಬರ್ ನೆನಪ ಮಾಡಿ ಹೇಳ್ರಿ."

"ಊರು ಹೇಗಿದೆ ಅಂದೆ. ಕೋಟೆ ಎಷ್ಟು ಹೊತ್ತಿಗೆ ತೆಗೀತಾರೆ ಅಂದೆ. ಅವರು ನಿಮ್ಮ ಮನೆ ಬಗ್ಗೆ ಹೇಳೋಕೆ ಹೊರಟರು, ನಾನು ಮತ್ತೆ ಕೋಟೆ ಬಗ್ಗೆಯೇ ಕೇಳಿದೆ."

"ನನ್ನ ವಯಸ್ಸ ಕೇಳಿದ್ರೇನು?"

"ನೀನು ಇದೀಯ ಅಂತಲೇ ಗೊತ್ತಿರಲಿಲ್ಲವಲ್ಲಮ್ಮ."

ಶೈಲಾ ತಂದೆಯ ಕಡೆ ತಿರುಗಿದಳು. "ಅಪ್ಪಾಜಿ, ಹುಡುಗಿ ವಯಸ್ಸ ಕೇಳಲಾರದ, ಕಿಲ್ಲಾದ ಟೈಮ್ ಕೇಳೋ ಬೀಗರು ಎಲ್ಲ್ಯರ ಇದ್ದಾರೇನು? ಇವರು ಖರೇನ ಕಿಲ್ಲಾ ನೋಡ್ಲಾಕ ಬಂದಾರ."

ವೀರಭದ್ರಪ್ಪನವರು ನಮ್ಮವರನ್ನು ನೋಡಿದರು. ನಮ್ಮವರು ಗೋಡೆಯ ಮೇಲಿದ್ದ ಕೋಟೆಯ ಹಳೆಯ ಕ್ಯಾಲೆಂಡರನ್ನು ಹತ್ತಿರ ಹೋಗಿ ನೋಡುತ್ತಿದ್ದರು. ಅದು ಎಲ್ಲ ಸಾಕ್ಷಿಗಿಂತ ದೊಡ್ಡ ಸಾಕ್ಷಿಯಾಯಿತು. ಆ ಹಿರಿಯರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ಬಾಯಿಗೆ ಬಂತು. ಬಸವರಾಜ ಮಾತ್ರ ನಗಲಿಲ್ಲ. "ಮತ್ತ ನಾ ಫೇಲ್ ಆಗಿದ್ದು ಹೇಳಿಬಿಟ್ನೆಲ್ಲ" ಎಂದು ಗೊಣಗಿದರು.

ಊಟವಾಯಿತು. ಉಂಡದ್ದನ್ನು ಬರೆಯುವುದಿಲ್ಲ, ಬರೆದರೆ ಮುಗಿಯುವುದಿಲ್ಲ. ಶೈಲಾ ಎರಡು ಸಲ ಅನ್ನ ಹಾಕಿಸಿಕೊಂಡದ್ದನ್ನು ಅವಳ ತಾಯಿಯೂ ನಾನೂ ಒಟ್ಟಿಗೇ ಗಮನಿಸಿದೆವು. ಕೈ ತೊಳೆಯುವಾಗ ವೀರಭದ್ರಪ್ಪನವರು ಮಗಳಿಗೆ ಹೇಳಿದರು, "ನಾಳಿ ಫೋನ್ ಮಾಡ್ತೀನಿ. ಹೂಂ ಅನ್ಲೋ, ಬ್ಯಾಡ ಅನ್ಲೋ, ನೀ ರಾತ್ರಿ ಒಳಗ ಹೇಳು. ನಿನ್ನಿ ಸಿಟ್ಟಿನ್ಯಾಗ ನಿನ್ನ ಕೇಳ್ಲಾರದ ನಾನೇ ಮಾತಾಡ್ದೆ." ಶೈಲಾ ಚಪ್ಪಲಿ ಮೆಟ್ಟಿಕೊಂಡು, ನಮ್ಮನ್ನು ಕೋಟೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಹೂಂ ಎನ್ನಲು ಅವಳಿಗೆ ಇನ್ನೂ ಏನೋ ಅಡ್ಡವಾಗಿದೆ ಎಂದು ನನಗೆ ಆಗಲೇ ಅನ್ನಿಸಿತು.

ಕಿಲ್ಲಾ

ಕೊನೆಗೂ ಕೋಟೆ. ಸುತ್ತ ಆಳವಾದ ಕಂದಕ, ದಪ್ಪ ಕರಿಗೋಡೆ, ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು. ಚಿತ್ರದುರ್ಗದ ಕೋಟೆ ಬೆಟ್ಟ ಹತ್ತಿಸಿ ಉಸಿರು ಬಿಡಿಸುತ್ತದೆ, ಇದು ಊರಿನ ಪಕ್ಕದಲ್ಲೇ ಮನೆಯ ಹಿರಿಯರಂತೆ ಕುಳಿತಿದೆ. ಸಾಧುವಿನ ಸಮಾಧಿಗೆ ಮೆಟ್ಟಿಲಿಳಿದು ಹೋದರೆ ಹೊರಗಿನ ಬಿಸಿಲೆಲ್ಲ ಮರೆತು ಹೋಗುವಂಥ ತಂಪು. ನಮ್ಮವರು ಅಲ್ಲೇ ಕಣ್ಣು ಮುಚ್ಚಿ ಕುಳಿತುಬಿಟ್ಟರು. ಭಕ್ತಿಯೋ ಊಟದ ಮಂಪರೋ ನಾನು ವಿಚಾರಿಸಲಿಲ್ಲ.

ನಾನೂ ಶೈಲಾಳೂ ಮೇಲೆ ಹೋಗಿ ಕಮಾನಿನ ಕಿಟಕಿಯಲ್ಲಿ ಕುಳಿತೆವು. ಕೆಳಗೆ ಬಯಲು, ಅದರಾಚೆ ಹೂಬಿಟ್ಟ ತೊಗರಿ. ಅವಳು ಕಲ್ಲಿನ ಸಂದಿಯಲ್ಲಿ ಬೆಳೆದ ಒಂದು ಗಿಡದ ಎಲೆಯನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದಳು.

"ಕಾಕೂ, ದಾವಣಗೆರಿ ಹ್ಯಾಂಗದರಿ?"

ನಾನು ಇಷ್ಟು ವರ್ಷ ಎಲ್ಲ ಊರಿನ ಬಗ್ಗೆ ಎಲ್ಲರನ್ನೂ ಕೇಳಿದ್ದೇನೆ. ನನ್ನ ಊರಿನ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಬೇಸಿಗೆ ಜಾಸ್ತಿ, ಧೂಳು ಜಾಸ್ತಿ, ದೋಸೆಗೆ ಬೆಣ್ಣೆ ಜಾಸ್ತಿ, ಜನ ಎಲ್ಲದಕ್ಕೂ ಮಧ್ಯೆ ಬಾಯಿ ಹಾಕುತ್ತಾರೆ ಎಂದೆ. ಕಾಲೇಜುಗಳಿವೆ, ಕೆಲಸಕ್ಕೆ ಪ್ರಯತ್ನಿಸಬಹುದು ಎಂದೆ. ಅವಳು ಕೇಳುತ್ತಿದ್ದಳು, ಆದರೆ ಅವಳಿಗೆ ಬೇಕಾದದ್ದು ಅದಲ್ಲ ಎಂದು ಕಾಣುತ್ತಿತ್ತು.

"ನಮ್ಮ ಮನಿ ವಿಚಾರ್ಸಲಾಕ ಅವರ ಕಡಿಯವರು ಬರ್ತಾರ. ಅವರ ಮನಿ ವಿಚಾರ್ಸಲಾಕ ಅಪ್ಪಾಜಿ ಯಾರಿಗರ ಕಳಸ್ತಾರ. ಮನಿತನ ಕೇಳ್ತಾರ, ವ್ಯಾಪಾರ ಕೇಳ್ತಾರ. ನಂಗ ಬೇಕಾಗಿದ್ದ ಯಾರೂ ಕೇಳಂಗಿಲ್ಲ." ಎಲೆಯನ್ನು ಕೈಬಿಟ್ಟಳು. "ನಾ ಕಲ್ತಿದ್ದೆಲ್ಲಾ ಮರಾಠಿದಾಗ ಕಾಕೂ. ಮನ್ಯಾಗ ಕನ್ನಡ ಮಾತಾಡ್ತೀವಿ ಖರೇ, ಅಕ್ಷರ ಒಂದೂ ಬರಂಗಿಲ್ಲ. ಇಲ್ಲಿ ನಾ ಮಂದೀಗಿ ಕಲಸಾಕಿ. ಅಲ್ಲಿ ಬಸ್ಸಿನ ಬೋರ್ಡ ಸೈತ ಓದ್ಲಾಕ ಬರಂಗಿಲ್ಲ. ಅದನ್ನರ ಕಲೀಬಹುದು. ಆದ್ರ ಈ ಮಾತು? ಒಂದಿನ ಕಿರಣರ ಜೋಡಿ ಫೋನ್‍ನ್ಯಾಗ ಮಾತಾಡ್ಲತ್ತಿದ್ನಿ. ಅವರ ಅಜ್ಜಿ ಬಾಜೂಕ ಇದ್ರು. ನಾ ಏನೋ ಅಂದೆ, ಅವರು ನಕ್ಕರು. ಭಾಳ ಹೊತ್ತು ನಕ್ಕರು. ಯಾಕಂತ ಕಿರಣರೂ ಹೇಳ್ಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು. "ಖರೇ ಹೇಳ್ರಿ. ನಾ ಅಲ್ಲಿ ಬಾಯಿ ತೆಗದ್ರ ನಗ್ತಾರೇನು?"

ಇಲ್ಲಮ್ಮ, ಯಾಕೆ ನಗುತ್ತಾರೆ, ನಿನ್ನ ಮಾತು ಎಷ್ಟು ಚೆಂದ ಎಂದು ಹೇಳಲು ಬಾಯಿ ತೆಗೆದೆ. ಅವಳಿಗೆ ನಾಳೆ ಬೆಳಿಗ್ಗೆಯೊಳಗೆ ಒಂದು ತೀರ್ಮಾನ ಬೇಕಿತ್ತು. ಒಂದು ಸಿಹಿ ಮಾತು ಸಾಕಿತ್ತು. ಆದರೆ ಕನ್ನಡಕದ ಹಿಂದಿನ ಆ ಕಣ್ಣು ನೋಡಿ ನನಗೆ ಸುಳ್ಳು ಹೇಳಲಾಗಲಿಲ್ಲ.

"ನಗುತ್ತಾರೆ ಕಣಮ್ಮ," ಎಂದೆ. "ನಾನು ಚಾಮರಾಜನಗರದ ಕಡೆಯವಳು. ಮದುವೆಯಾಗಿ ದಾವಣಗೆರೆಗೆ ಬಂದಾಗ ನಾನು 'ಬತ್ತೀನಿ ಕನ' ಅಂದರೆ ಸಾಕು, ಅಡುಗೆಮನೆಯಿಂದ ಪಡಸಾಲೆಯವರೆಗೆ ನಗು. ಮೈದುನ ನನ್ನ ಹಾಗೆ ಮಾತಾಡಿ ತೋರಿಸಿ ನೆಂಟರನ್ನೆಲ್ಲ ನಗಿಸುತ್ತಿದ್ದ. ಬಚ್ಚಲಿಗೆ ಹೋಗಿ ಅತ್ತಿದ್ದೂ ಉಂಟು."

"ಮತ್ತ ಯಾವಾಗ ನಿಂತಿತ್ರಿ?"

"ಪೂರ್ತಿ ನಿಂತಿಲ್ಲ. ಈಗಲೂ ಸಿಟ್ಟು ಬಂದಾಗ ನನ್ನ ಊರಿನ ಮಾತು ಹೊರಗೆ ಬರುತ್ತದೆ, ಈಗಲೂ ನಗುತ್ತಾರೆ. ಅತ್ತೆ ಇರುವ ತನಕ ನಕ್ಕರು. ಕೊನೆಗಾಲದಲ್ಲಿ ಬೇರೆ ಯಾರು ಹಾಸಿಗೆಯಿಂದ ಎತ್ತಿ ಕೂರಿಸಿದರೂ ಅವರಿಗೆ ಹಿತವಾಗುತ್ತಿರಲಿಲ್ಲ, ನನ್ನನ್ನೇ ಕರೆಯುತ್ತಿದ್ದರು. ನಗುವುದಕ್ಕೂ ಬೇಡ ಅನ್ನುವುದಕ್ಕೂ ಸಂಬಂಧ ಇಲ್ಲಮ್ಮ. ಆದರೆ ನಗುವುದಿಲ್ಲ ಅಂತ ನಾನು ಹೇಳಲಾರೆ."

ಹೇಳಿ ಮುಗಿಸಿದ ಮೇಲೆ ನನಗೆ ಭಯವಾಯಿತು. ಬೆಳಿಗ್ಗೆ ಮುರಿಯಲಿದ್ದ ಮದುವೆಯನ್ನು ಉಳಿಸಲು ಓಡಿ ಬಂದವಳು ಸಂಜೆ ನಾನೇ ಮುರಿದೆನೇನೋ ಎನ್ನಿಸಿತು. ಶೈಲಾ ಬಯಲನ್ನು ನೋಡುತ್ತ ಕುಳಿತಿದ್ದಳು. ಆಮೇಲೆ ಕನ್ನಡಕ ತೆಗೆದು ಓಢಣಿಯ ತುದಿಯಿಂದ ಒರೆಸಿ ಹಾಕಿಕೊಂಡಳು.

"ನಗಂಗಿಲ್ಲ ಅಂತ ಅಂದಿದ್ರ ನಾ ನಿಮ್ಮ ಯಾವ ಮಾತೂ ನಂಬ್ತಿದ್ದಿಲ್ಲ ಕಾಕೂ," ಎಂದಳು.

ಫೋನು ತೆಗೆದು ಅಲ್ಲೇ, ನನ್ನ ಎದುರಿಗೇ, ಒಂದು ನಂಬರು ಒತ್ತಿದಳು. ಆ ಕಡೆ ಎತ್ತಿದವರು ಕಿರಣನೇ ಇರಬೇಕು.

"ಹಾಂ, ನಾನೇ. ನಾಳಿ ಅಪ್ಪಾಜಿ ಫೋನ್ ಮಾಡ್ತಾರ. ಹೂಂ ಅಂತಾರ." ಆ ಕಡೆಯ ಮಾತನ್ನು ಕೇಳಿ ಅವಳ ಕಿವಿ ಕೆಂಪಾಯಿತು. "ಅಲ್ಲ, ಅದಲ್ಲ, ಇನ್ನೊಂದ ಮಾತದ. ನಿಮ್ಮ ಅಜ್ಜಿಗಿ ಹೇಳ್ರಿ. ನಾ ಬಂದ ಮ್ಯಾಲ ಎಷ್ಟ ಬೇಕು ಅಷ್ಟು ನಗ್ಲಿ. ಆದ್ರ ಯಾಕ ನಕ್ಕರು ಅಂತ ನಂಗೂ ಹೇಳ್ಲಿ, ನಾನೂ ನಗ್ತೀನಿ."